ಯಾವ ಕಚೇರಿಯಿಂದ ಬಂದಿದ್ದೀರಿ? ಪಿಎಚ್.ಡಿ. ಕ್ಷೇತ್ರಕಾರ್ಯವನ್ನು ತಿರುಗಿ ನೋಡುವುದು

ಅಣೆಕಟ್ಟೆಯ ನೀರಿಗೆ ಊರು ಕಳೆದುಕೊಂಡವರಿಗಾಗಿ ಬಾಗಲಕೋಟೆ ಜಿಲ್ಲೆಯಲ್ಲಿ ಕಟ್ಟಿದ ಒಂದು ಪುನರ್ವಸತಿ ಕೇಂದ್ರದಲ್ಲಿ ನಾನು ಮೊದಲ ಸಲ ನೋಟುಬುಕ್ ತೆರೆದಾಗ, ಎದುರಿಗೆ ಕುಳಿತಿದ್ದ ಅಜ್ಜ, ನಮ್ಮ ಕಡೆಯ ಮಾತಿನಲ್ಲಿ ಮುತ್ಯಾ, ಮಾತು ಆರಂಭಿಸಲಿಲ್ಲ. ಎದ್ದು ಒಳಗೆ ಹೋದರು. ಪ್ಲಾಸ್ಟಿಕ್ ಚೀಲವೊಂದನ್ನು ತಂದು ಜಮಖಾನೆಯ ಮೇಲೆ ಬಿಚ್ಚಿದರು. ಮುಳುಗಿದ ಹೊಲದ ಉತಾರ ಎಂಬ ಪಹಣಿ ಪತ್ರ, ಪರಿಹಾರದ ನೋಟಿಸು, ಹಳೆಯ ಪಾಸ್‌ಬುಕ್, ಯಾವುದೋ ಅರ್ಜಿಯ ಮಾಸಿದ ಝೆರಾಕ್ಸ್. ಎಲ್ಲವನ್ನೂ ಸಾಲಾಗಿ ಹಾಸಿ, "ಬರೆದುಕೊಳ್ಳಿ" ಎಂದರು. ನಾನು ಕೇಳಿದ್ದು ಹಳೆಯ ಊರಿನಲ್ಲಿ ಜಾತ್ರೆ ಹೇಗೆ ನಡೆಯುತ್ತಿತ್ತು ಎಂದು.

ನಾನು ವಿಶ್ವವಿದ್ಯಾಲಯದ ವಿದ್ಯಾರ್ಥಿನಿ, ಪಿಎಚ್.ಡಿ. ಮಾಡುತ್ತಿದ್ದೇನೆ ಎಂದು ಎರಡು ಸಲ ಹೇಳಿದೆ. ಎರಡು ಸಲವೂ ತಲೆಯಾಡಿಸಿದರು. ಆಮೇಲೆ ಮೆಲ್ಲಗೆ ಕೇಳಿದರು: "ಅದೆಲ್ಲ ಸರಿ ಮೇಡಂ, ಯಾವ ಕಚೇರಿಯಿಂದ ಬಂದಿದ್ದೀರಿ?"

ಅಂದು ಸಂಜೆ ನನ್ನ ಟಿಪ್ಪಣಿಯಲ್ಲಿ ಹೀಗೆ ಬರೆದಿದ್ದೇನೆ: 'ಮೊದಲ ಸಂದರ್ಶನ ವಿಫಲ. ಮಾಹಿತಿ ಏನೂ ಸಿಗಲಿಲ್ಲ.' ಇಡೀ ಸಂಶೋಧನೆಯಲ್ಲಿ ನಾನು ಬರೆದ ಅತ್ಯಂತ ದಡ್ಡ ವಾಕ್ಯ ಅದು. ಮಾನವಶಾಸ್ತ್ರದ ತರಗತಿಗಳಲ್ಲಿ ಸ್ವವಿಮರ್ಶೆ ಎಂಬ ಪದವನ್ನು ಎಷ್ಟೋ ಸಲ ಕೇಳಿದ್ದೆ. ಅದರ ಅರ್ಥ ತಿಳಿದದ್ದು ಆ ವಾಕ್ಯ ಏಕೆ ದಡ್ಡತನದ್ದು ಎಂದು ಹೊಳೆದ ಮೇಲೆ.

ಕ್ಷೇತ್ರಕಾರ್ಯ ಎಂದರೆ ಪ್ರಶ್ನಾವಳಿ ಹಿಡಿದು ಮನೆಮನೆ ಸುತ್ತುವುದು ಎಂದು ಹಲವರು ತಿಳಿದಿದ್ದಾರೆ. ಅದು ಸಮೀಕ್ಷೆ, ಅದಕ್ಕೆ ಅದರದೇ ಉಪಯೋಗವಿದೆ. ಮಾನವಶಾಸ್ತ್ರದವರ ರೂಢಿ ಬೇರೆ. ಒಂದು ಊರಿಗೆ ಹೋಗಿ, ಅಲ್ಲಿನ ಮಾತು ಕಲಿತು, ಬಿತ್ತನೆಯಿಂದ ಸುಗ್ಗಿಯವರೆಗೆ, ಮದುವೆ, ಸಾವು, ಜಗಳ, ರಾಜಿ ಎಲ್ಲವೂ ಒಂದು ಸುತ್ತು ಕಣ್ಣೆದುರು ನಡೆಯುವವರೆಗೆ ಅಲ್ಲೇ ಇರುವುದು. ಇದಕ್ಕೆ ಸಹಭಾಗಿ ಅವಲೋಕನ ಎಂದು ಹೆಸರು. ಪೋಲಂಡ್ ಮೂಲದ ಬ್ರೋನಿಸ್ಲಾವ್ ಮಲಿನೋವ್‌ಸ್ಕಿ 1915ರಿಂದ 1918ರ ನಡುವೆ ಎರಡು ಸಲ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಡೇರೆ ಹಾಕಿ ಉಳಿದರು. ಅಲ್ಲಿಂದೀಚೆಗೆ ಈ ಶಾಸ್ತ್ರಕ್ಕೆ ಸೇರುವವರಿಗೆ ದೀರ್ಘ ಕ್ಷೇತ್ರಕಾರ್ಯವೇ ದೀಕ್ಷೆಯಂತಾಯಿತು. ಅವರು 1942ರಲ್ಲಿ ತೀರಿಕೊಂಡರು. 1967ರಲ್ಲಿ ಅವರ ಖಾಸಗಿ ದಿನಚರಿ ಅಚ್ಚಾಯಿತು. ಪುಸ್ತಕಗಳಲ್ಲಿ ದ್ವೀಪದವರ ಬದುಕನ್ನು ಅಷ್ಟು ತಾಳ್ಮೆಯಿಂದ ವಿವರಿಸಿದ್ದ ಮನುಷ್ಯ ದಿನಚರಿಯಲ್ಲಿ ಅವರ ಮೇಲೆ ಸಿಡುಕುತ್ತಾನೆ, ಬೈಯುತ್ತಾನೆ, ಮನೆಯ ನೆನಪಿನಲ್ಲಿ ಹಲುಬುತ್ತಾನೆ. ಓದಿದವರು ಬೆಚ್ಚಿದರು. ಅಲ್ಲಿ ಇದ್ದೆ, ಕಣ್ಣಾರೆ ಕಂಡೆ ಎಂಬ ಒಂದೇ ಆಧಾರದ ಮೇಲೆ ನಿಂತ ಶಾಸ್ತ್ರಕ್ಕೆ, ಕಂಡವನ ಕಣ್ಣು ಎಂಥದ್ದು ಎಂಬ ಪ್ರಶ್ನೆಯನ್ನು ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ.

ಥರ್ಮಾಮೀಟರ್ ಯಾರ ಕೈಯಲ್ಲಿದೆ ಎಂದು ಜ್ವರ ಕೇಳುವುದಿಲ್ಲ. ಊರು ಕೇಳುತ್ತದೆ. ಕ್ಷೇತ್ರಕಾರ್ಯದಲ್ಲಿ ಅಳೆಯುವ ಸಾಧನ ಸಂಶೋಧಕಿಯೇ; ಅವಳ ಜಾತಿ, ಲಿಂಗ, ಚಪ್ಪಲಿ, ಕನ್ನಡ, ಅವಳು ಯಾರ ಮನೆಯಲ್ಲಿ ಉಂಡಳು ಎಂಬುದೆಲ್ಲ ಆ ಸಾಧನದ ಭಾಗ. ಸಂತೆಯಲ್ಲಿ ತೂಗುವ ಮೊದಲು ಖಾಲಿ ತಕ್ಕಡಿಯನ್ನು ಎತ್ತಿ ತೋರಿಸುತ್ತಾರೆ. ಒಂದು ತಟ್ಟೆ ಇಳಿದಿದ್ದರೆ ಇನ್ನೊಂದರಲ್ಲಿ ಹರಳು ಇಟ್ಟು ಸಮ ಮಾಡುತ್ತಾರೆ. ಸ್ವವಿಮರ್ಶೆ ಎಂದರೆ ಆ ಖಾಲಿ ತಕ್ಕಡಿಯನ್ನು ಎತ್ತಿ ನೋಡುವುದು. ಹೋಲಿಕೆ ಒಂದು ಕಡೆ ಕುಂಟುತ್ತದೆ, ಒಪ್ಪುತ್ತೇನೆ. ಇಲ್ಲಿ ತಕ್ಕಡಿ ಎಂದಿಗೂ ಪೂರ್ತಿ ಸಮವಾಗುವುದಿಲ್ಲ. ಯಾವ ಕಡೆಗೆ ಎಷ್ಟು ವಾಲಿದೆ ಎಂದು ತಿಳಿದುಕೊಂಡು ತೂಕವನ್ನು ಓದಬಹುದು, ಅಷ್ಟೇ.

ಈಗ ಮುತ್ಯಾನ ಚೀಲಕ್ಕೆ ಬರೋಣ. ಕೃಷ್ಣೆಗೆ ಅಡ್ಡಲಾಗಿ ಆಲಮಟ್ಟಿಯ ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಲಾಲ್ ಬಹದ್ದೂರ್ ಶಾಸ್ತ್ರಿಯವರ ಕೈಯಿಂದ. ಜಲಾಶಯಕ್ಕೆ ಈಗ ಅವರದೇ ಹೆಸರು. ಕಟ್ಟೆ ವಿಜಯಪುರ ಜಿಲ್ಲೆಯಲ್ಲಿದೆ, ಹಿನ್ನೀರು ಬಾಗಲಕೋಟೆಯ ಕಡೆಗೆ ಚಾಚಿದೆ. 1997ರವರೆಗೆ ಎರಡೂ ಒಂದೇ ಜಿಲ್ಲೆ. ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆ ಪಟ್ಟಣದ ಒಂದಷ್ಟು ಭಾಗ ನೀರಿಗೆ ಹೋಗಿ ನವನಗರ ಎದ್ದಿತು, ಹಳ್ಳಿಗಳು ಎತ್ತರದ ನೆಲಕ್ಕೆ ಸರಿದವು. 2000ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರದವರೆಗೆ ನೀರು ನಿಲ್ಲಿಸಲು ಒಪ್ಪಿತು. 2010ರಲ್ಲಿ ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಅದನ್ನು 524.256 ಮೀಟರ್‌ಗೆ ಏರಿಸಬಹುದು ಎಂದಿತು. ಎಂದರೆ, ನೀರು ಇನ್ನೂ ಮೇಲೆ ಬರುವ ಮಾತು ಊರಿನ ಕಟ್ಟೆಯ ಮೇಲೆ ಜೀವಂತವಾಗಿಯೇ ಇದೆ.

ಇಂಥ ಊರುಗಳಿಗೆ ನೋಟುಬುಕ್ ಹಿಡಿದವರು ದಶಕಗಳಿಂದ ಬರುತ್ತಲೇ ಇದ್ದಾರೆ: ಮನೆ ಅಳೆಯಲು, ಮರ ಎಣಿಸಲು, ಬಾವಿ ನೋಡಲು, ಪಂಚನಾಮೆ ಬರೆಯಲು. ಅವರ ಮುಂದೆ ಆಡಿದ ಮಾತಿಗೆ ರೂಪಾಯಿಯ ಬೆಲೆಯಿತ್ತು. ಆಡದೆ ಬಿಟ್ಟ ಮಾತಿಗೆ ಅದಕ್ಕಿಂತ ಹೆಚ್ಚು. ಆ ಸಾಲಿನಲ್ಲಿ ನಾನು ತೀರಾ ಇತ್ತೀಚಿನವಳು. ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ ಎಂದು ಗೊಣಗುತ್ತಿದ್ದ ಹೊತ್ತಿನಲ್ಲಿ, ಬರೆದುಕೊಳ್ಳುವವರ ಜೊತೆ ಹೇಗೆ ವ್ಯವಹರಿಸಬೇಕೆಂದು ಒಂದು ಊರು ಕಲಿತ ವಿದ್ಯೆ ನನ್ನ ಕಣ್ಣೆದುರೇ ಜಮಖಾನೆಯ ಮೇಲೆ ಹರಡಿಕೊಂಡಿತ್ತು.

ಈ ಕುರುಡುತನ ನನ್ನೊಬ್ಬಳದೇ ಅಲ್ಲ. 1930ರಲ್ಲಿ ಬ್ರಿಟಿಷ್ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ ಸುಡಾನಿನ ನುಯೆರ್ ಜನರ ನಡುವೆ ಹೋದಾಗ, ವಸಾಹತು ಸರ್ಕಾರದ ಪಡೆಗಳು ಅವರ ಮೇಲೆ ದಾಳಿ ನಡೆಸಿ ಹೆಚ್ಚು ಕಾಲವಾಗಿರಲಿಲ್ಲ. ಇವಾನ್ಸ್-ಪ್ರಿಚರ್ಡ್ ಅವರನ್ನು ಕಳಿಸಿದ್ದೂ ಅದೇ ಸರ್ಕಾರ. ಮನೆತನದ ಹೆಸರು ಕೇಳಿದರೆ ಜನ ಅಡ್ಡಪ್ರಶ್ನೆ ಹಾಕಿ ಜಾರಿಕೊಳ್ಳುತ್ತಿದ್ದರು. ಆ ಸಂಭಾಷಣೆಯನ್ನು ಅವರು ಪುಸ್ತಕದ ಆರಂಭದಲ್ಲೇ ಕೊಟ್ಟಿದ್ದಾರೆ, ಆದರೆ ತಾವು ಪಟ್ಟ ಪಾಡಿನ ಉದಾಹರಣೆಯಾಗಿ, ಸ್ವಲ್ಪ ನಗೆಯೊಂದಿಗೆ. ಪೆಟ್ಟು ತಿಂದ ಜನ ಸರ್ಕಾರದ ಕಡೆಯವನ ಎದುರು ಬಾಯಿ ಬಿಗಿಹಿಡಿಯುವುದರಲ್ಲಿ ಏನಿದೆ ನಗುವಂಥದ್ದು ಎಂದು ನಂತರದ ವಿಮರ್ಶಕರು ಕೇಳಿದರು.

ಸ್ವವಿಮರ್ಶೆಯಿಂದ ಸಂಶೋಧನೆಗೆ ಲಾಭವೇನು ಎಂದು ಕೇಳುವವರಿಗೆ ನಾನು ಒಲೆಯ ಕಥೆ ಹೇಳುತ್ತೇನೆ. ಜನಗಣತಿಯ ಪ್ರಕಾರ ಒಂದೇ ಅಡುಗೆಯಲ್ಲಿ ಉಣ್ಣುವವರು ಒಂದು ಕುಟುಂಬ. ನನ್ನ ಪ್ರಶ್ನಾವಳಿಯೂ ಅದನ್ನೇ ಎತ್ತಿಕೊಂಡಿತ್ತು. ಒಂದು ಮನೆಯಲ್ಲಿ "ಎಷ್ಟು ಕುಟುಂಬ?" ಎಂದು ಕೇಳಿದೆ. "ಮೂರು" ಎಂದರು. ಒಳಗೆ ಆಯಿ ಒಬ್ಬರೇ ಒಂದೇ ಒಲೆಯ ಮುಂದೆ ಕುಳಿತು ಎಲ್ಲರಿಗೂ ರೊಟ್ಟಿ ಬಡಿಯುತ್ತಿದ್ದರು. ಪರಿಹಾರದ ಲೆಕ್ಕ ಕುಟುಂಬವಾರು ನಡೆಯುತ್ತದೆ ಎಂದು ನನಗೂ ಗೊತ್ತಿತ್ತು. ಅಂಚಿನಲ್ಲಿ 'ಹೆಚ್ಚಿಸಿ ಹೇಳುತ್ತಾರೆ' ಎಂದು ಗುರುತು ಹಾಕಿ, ಅಂಕಣದಲ್ಲಿ 1 ಎಂದು ಬರೆದೆ. ಕಂಡದ್ದನ್ನು ಬರೆದೆ ಎಂಬ ಹೆಮ್ಮೆ ಬೇರೆ.

ಕೆಲವು ತಿಂಗಳ ನಂತರ ಕಿರಿಯ ಮಗನಿಗೆ ಹೆಣ್ಣು ನೋಡುವ ಮಾತು ಬಂತು. ಬೀಗರ ಮುಂದೆ ಅದೇ ಮನೆಯವರು ಒಕ್ಕಟ್ಟಿನ ಹೆಮ್ಮೆಯಿಂದ "ನಮ್ಮದು ಒಂದೇ ಒಲೆ" ಎಂದರು. ಇನ್ನೂ ಸ್ವಲ್ಪ ದಿನಕ್ಕೆ ಕೊಳವೆಬಾವಿಯ ಸಾಲ ಯಾರು ತೀರಿಸಬೇಕು ಎಂದು ಜಗಳವೆದ್ದಾಗ ಮನೆ ಎರಡಾಯಿತು. ಹಿರಿಯ ಮಗ ಒಂದು ಕಡೆ, ಉಳಿದಿಬ್ಬರು ಒಂದು ಕಡೆ. ಒಲೆ ಆಗಲೂ ಒಂದೇ. ಮೂರು, ಒಂದು, ಎರಡು. ಯಾವುದೂ ಸುಳ್ಳಲ್ಲ. ಕೇಳುವವರು ಯಾರು ಎಂಬುದಕ್ಕೆ ತಕ್ಕಂತೆ ಮನೆ ತನ್ನನ್ನು ಎಣಿಸಿಕೊಳ್ಳುತ್ತಿತ್ತು. ನನಗೆ ಮೂರು ಎಂದು ಹೇಳಿದ್ದರು, ಏಕೆಂದರೆ ನಾನು ಕಚೇರಿಯವಳು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕಾಗದದಲ್ಲಿ ಮೂರಾಗಿದ್ದ ಮನೆಗೆ ನಿವೇಶನವೂ ಮೂರಾಗಿ ಬಂದಿತ್ತು, ಪಾಸ್‌ಬುಕ್ ಮೂರಾಗಿತ್ತು. ಸೊಸೆಯಂದಿರು ಆ ಲೆಕ್ಕವನ್ನೇ ಹಿಡಿದು ಮಾತಾಡುತ್ತಿದ್ದರು. ಕಚೇರಿಗೆಂದು ಹೇಳಿದ ಎಣಿಕೆ ಮೆಲ್ಲಮೆಲ್ಲಗೆ ಒಲೆಯ ಹತ್ತಿರ ಬರುತ್ತಿತ್ತು. ನನ್ನ ಪ್ರಬಂಧದಲ್ಲಿ ಓದಲು ಯೋಗ್ಯವಾದ ಅಧ್ಯಾಯ ಒಂದಿದ್ದರೆ ಅದು ಇದೇ. ಅಂಚಿನಲ್ಲಿ ಬರೆದ 'ಹೆಚ್ಚಿಸಿ ಹೇಳುತ್ತಾರೆ' ಎಂಬುದನ್ನು ಅಳಿಸಿ, 'ನಾನು ಯಾರೆಂದು ತಿಳಿದು ಹೇಳುತ್ತಾರೆ?' ಎಂದು ತಿದ್ದದೆ ಇದ್ದಿದ್ದರೆ ಆ ಅಧ್ಯಾಯ ಹುಟ್ಟುತ್ತಲೇ ಇರಲಿಲ್ಲ.

ಜಾತಿಯ ವಿಷಯ ಇನ್ನೂ ಸೂಕ್ಷ್ಮ. ನಮ್ಮ ಕಡೆ ಹೊಸಬರ ಹೆಸರು ಕೇಳಿದ ಮರುಗಳಿಗೆಗೆ ಅಡ್ಡಹೆಸರು ಕೇಳುತ್ತಾರೆ. ಪಾಟೀಲ, ಕುಲಕರ್ಣಿ, ಬಡಿಗೇರ, ಕುಂಬಾರ, ಹೂಗಾರ, ಮಾದರ ಎಂಬ ಒಂದು ಪದದಲ್ಲಿ ನೀವು ಎಲ್ಲಿ ಕುಳಿತುಕೊಳ್ಳಬೇಕು, ನಿಮಗೆ ನೀರು ಯಾವ ಪಾತ್ರೆಯಲ್ಲಿ ಬರಬೇಕು ಎಂಬುದು ತೀರ್ಮಾನವಾಗಿಬಿಡುತ್ತದೆ. ನಾನು ಉಳಿದುಕೊಂಡದ್ದು ಒಬ್ಬ ನಿವೃತ್ತ ಶಿಕ್ಷಕರ ಮನೆಯಲ್ಲಿ. ಪರಿಚಯದವರ ಮೂಲಕ ಸಿಕ್ಕ ಮನೆ. ಅಲ್ಲಿಂದ ನಡೆದು ಬರುವವಳೊಂದಿಗೆ ಮಾದರ ಓಣಿಯವರು ನಿಂತೇ ಮಾತಾಡುತ್ತಿದ್ದರು. ಅದನ್ನು ನಾನು ಸಂಕೋಚ ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ಆ ಓಣಿಯಲ್ಲಿ ಕುಳಿತು ಚಹಾ ಕುಡಿದೆ. ಸಂಜೆ ಮನೆಗೆ ಬಂದಾಗ ನಾನು ದಿನಾಲು ಬಳಸುತ್ತಿದ್ದ ಲೋಟ ಬಚ್ಚಲ ಕಟ್ಟೆಯ ಮೇಲೆ ಬೇರೆಯಾಗಿ ಕುಳಿತಿತ್ತು. ಯಾರೂ ಏನೂ ಅನ್ನಲಿಲ್ಲ. ಊಟಕ್ಕೆ ಎಂದಿನಂತೆ ಕರೆದರು, ರೊಟ್ಟಿಯ ಜೊತೆ ಬೆಣ್ಣೆಯನ್ನೂ ಹಾಕಿದರು. ಆ ಲೋಟದ ಬಗ್ಗೆ ಟಿಪ್ಪಣಿ ಬರೆಯಲು ನನಗೆ ಮೂರು ದಿನ ಬೇಕಾಯಿತು. ಅವರ ಅನ್ನ ಉಣ್ಣುತ್ತ ಅವರ ಮೇಲೆ ಬರೆಯುವ ಕಸಿವಿಸಿ.

ಈ ಇಕ್ಕಟ್ಟಿಗೆ ನಮ್ಮ ನಾಡಿನಲ್ಲೇ ದೊಡ್ಡ ಉದಾಹರಣೆಯಿದೆ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಊರ ಮುಖ್ಯಸ್ಥನಿಗೆ ಸೇರಿದ ಮನೆಯಲ್ಲಿ ಉಳಿದು ಕ್ಷೇತ್ರಕಾರ್ಯ ಮಾಡಿದರು. ಮುಖ್ಯಸ್ಥನ ಅಭಯ ಇದ್ದದ್ದರಿಂದ ಬಾಗಿಲುಗಳು ತೆರೆದವು. ಅದೇ ಕಾರಣಕ್ಕೆ ದಲಿತರ ಕೇರಿಯೊಂದಿಗಿನ ಒಡನಾಟ ಕಡಿಮೆಯಾಯಿತು. ತಮ್ಮ ಊರಿನ ಚಿತ್ರ ಮೇಲ್ಜಾತಿಯ, ಭೂಮಿ ಉಳ್ಳವರ ಕಡೆಯಿಂದ ಕಂಡದ್ದು ಎಂಬುದನ್ನು ಅವರೇ ಒಪ್ಪಿಕೊಂಡರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ, ಹದಿನೆಂಟು ವರ್ಷ ಕುಳಿತು ಹದಗೊಳಿಸಿದ್ದ ಅವರ ಟಿಪ್ಪಣಿಗಳ ಮೂರೂ ಪ್ರತಿಗಳು ಆಹುತಿಯಾದವು. ಆಮೇಲೆ ಬಹುಮಟ್ಟಿಗೆ ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ಅದರಲ್ಲಿ ಲೇಖಕ ಸ್ವತಃ ಒಂದು ಪಾತ್ರವಾಗಿ ಓಡಾಡುತ್ತಾನೆ. ಟಿಪ್ಪಣಿಗಳು ಸುಡದೆ ಉಳಿದಿದ್ದರೆ ಪುಸ್ತಕ ಇನ್ನಷ್ಟು ಭಾರವಾಗಿ, ಇಷ್ಟು ಜೀವಂತವಾಗಿರದೆ ಬರುತ್ತಿತ್ತೇನೋ ಎಂದು ನನಗೆ ಆಗಾಗ ಅನ್ನಿಸುವುದುಂಟು. ಆದರೂ ನನ್ನ ಟಿಪ್ಪಣಿಗಳನ್ನು ನಾನು ಎರಡು ಪೆನ್‌ಡ್ರೈವ್‌ಗಳಲ್ಲಿ ಇಟ್ಟಿದ್ದೇನೆ.

ಆ ಊರಿಗೆ ಶ್ರೀನಿವಾಸ್ ಕೊಟ್ಟ ಹೆಸರು ರಾಂಪುರ. ಜನರಿಗೆ ತೊಂದರೆಯಾಗದಿರಲಿ ಎಂದು ಊರಿಗೂ ವ್ಯಕ್ತಿಗಳಿಗೂ ಬೇರೆ ಹೆಸರಿಡುವುದು ಈ ಶಾಸ್ತ್ರದ ನಿಯಮ. ರಾಂಪುರ ಎಂದರೆ ಕೊಡಗಹಳ್ಳಿ ಎಂಬುದು ಈಗ ಗುಟ್ಟಲ್ಲ. ಹೊರಗಿನ ಓದುಗರಿಂದ ಹೆಸರು ಮುಚ್ಚಿಡಬಹುದು. ಊರಿನವರೇ ಓದಿದರೆ ಎರಡನೆಯ ಪುಟಕ್ಕೇ ಯಾರು ಯಾರೆಂದು ತಿಳಿಯುತ್ತದೆ.

ನಾನು ಪಕ್ಕದ ವಿಜಯಪುರ ಜಿಲ್ಲೆಯವಳು. ಅದೇ ಕನ್ನಡ, ಅದೇ ಜೋಳದ ರೊಟ್ಟಿ. ದೂರದಿಂದ ಬಂದವರಿಗಿಂತ ನನಗೆ ಅನುಕೂಲ ಎಂದುಕೊಂಡಿದ್ದೆ. ಒಳಗಿನವರಿಗೆ ಇರುವ ತೊಡಕು ಬೇರೆ: ಗೊತ್ತಿದೆ ಎಂದುಕೊಂಡದ್ದನ್ನು ಕೇಳುವುದೇ ಇಲ್ಲ. 'ಮುಳುಗಡೆ' ಎಂಬ ಪದದ ಅರ್ಥವನ್ನು ನಾನು ಆರು ತಿಂಗಳು ಯಾರನ್ನೂ ಕೇಳಲಿಲ್ಲ. ನೀರಿನಲ್ಲಿ ಮುಳುಗುವುದು, ಇನ್ನೇನು? ಆದರೆ ಆ ಊರಿನಲ್ಲಿ ಮುಳುಗಡೆ ಒಂದು ಕಾಲಮಾನ. ಮಗು ಹುಟ್ಟಿದ್ದು ಮುಳುಗಡೆಗಿಂತ ಮೊದಲೋ ಆಮೇಲೋ ಎಂದು ಲೆಕ್ಕ. ಅದು ಒಂದು ಪ್ರಮಾಣಪತ್ರ, ಕಾಲೇಜು ಮತ್ತು ನೌಕರಿಯ ಅರ್ಜಿಯ ಜೊತೆ ಲಗತ್ತಿಸುವಂಥದ್ದು. ನೀರು ಮುಟ್ಟದ ನೆರೆಯ ಊರಿನವರ ಬಾಯಲ್ಲಿ 'ಮುಳುಗಡೆಯವರು' ಎಂದರೆ ದುಡ್ಡು ಕಂಡವರು, ಸ್ವಲ್ಪ ಹೊಟ್ಟೆಕಿಚ್ಚು ಬೆರೆತ ಮಾತು. ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಲು ಕುಳಿತಾಗ ಇದೆಲ್ಲವನ್ನೂ ಹೊರುವ ಒಂದು ಪದ ಸಿಗಲಿಲ್ಲ. ಕೊನೆಗೆ ಕನ್ನಡ ಪದವನ್ನೇ ಉಳಿಸಿಕೊಂಡೆ. ಮೌಖಿಕ ಪರೀಕ್ಷೆಯಲ್ಲಿ ಅದಕ್ಕೊಂದು ಆಕ್ಷೇಪ ಬಂತು. ಉತ್ತರ ಕೊಡುವಾಗ ಮೊದಲ ಬಾರಿಗೆ ನನ್ನ ದನಿ ನಡುಗಲಿಲ್ಲ.

ಇನ್ನು ಒಪ್ಪಿಗೆ ಪತ್ರ. ಸಂಶೋಧನೆಯಲ್ಲಿ ಭಾಗವಹಿಸುವವರಿಗೆ ಎಲ್ಲವನ್ನೂ ತಿಳಿಸಿ, ಅವರ ಸಹಿ ಪಡೆಯಬೇಕು ಎಂಬುದು ನೀತಿ. ನೀತಿ ಒಳ್ಳೆಯದೇ. ಆದರೆ ಸಹಿ ಹಾಕಿಯೇ ಹೊಲ ಕಳೆದುಕೊಂಡ ಊರಿನಲ್ಲಿ ಕಾಗದ ಮುಂದೆ ಚಾಚಿದರೆ ಏನಾಗುತ್ತದೆ? ಹೆಬ್ಬೆಟ್ಟಿನ ಗುರುತನ್ನು ಎಲ್ಲಿ ಹಾಕಿದೆವು, ಅದರಲ್ಲಿ ಏನು ಬರೆದಿತ್ತು ಎಂದು ಇಂದಿಗೂ ನೆನೆಯುವವರಿದ್ದಾರೆ. ನನ್ನ ಒಪ್ಪಿಗೆ ಪತ್ರ ನೋಡಿದ ಆಯಿ ಸೆರಗಿನೊಳಗೆ ಕೈ ಎಳೆದುಕೊಂಡರು. ನನ್ನನ್ನು ರಕ್ಷಿಸುವ ಕಾಗದ ಅದು, ಅವರನ್ನಲ್ಲ ಎಂದು ಅವರಿಗೆ ನನಗಿಂತ ಬೇಗ ತಿಳಿಯಿತು. ಮೌಖಿಕ ಒಪ್ಪಿಗೆ ಸಾಕೆಂದು ವಿಭಾಗವನ್ನು ಒಪ್ಪಿಸಲು ಕೆಲವು ವಾರ ಹಿಡಿಯಿತು. ಆಮೇಲೆ ಕಂಡುಕೊಂಡದ್ದೇನೆಂದರೆ, ಒಪ್ಪಿಗೆ ಒಮ್ಮೆ ಪಡೆದು ಮುಗಿಸುವಂಥದ್ದಲ್ಲ. ಮಾತಿನ ನಡುವೆ "ಇದನ್ನು ಬರೆಯಬೇಡ" ಎನ್ನುತ್ತಿದ್ದರು, ಪೆನ್ನು ಕೆಳಗಿಡಬೇಕಿತ್ತು. ಪೆನ್ನು ಕೆಳಗಿಟ್ಟ ಮೇಲೆ ಬಂದ ಮಾತುಗಳೇ ಹೆಚ್ಚು, ಅವು ಪ್ರಬಂಧದಲ್ಲಿ ಇಲ್ಲ.

ಇದಕ್ಕೆಲ್ಲ ಬೇಕಾದದ್ದು ಸಮಯ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ, ಕೋರ್ಸ್‌ವರ್ಕ್ ಸೇರಿ. ಅದರಲ್ಲಿ ಫೆಲೋಶಿಪ್‌ನ ಅನಿಶ್ಚಿತತೆ, ಪಾರ್ಟ್‌ಟೈಂ ಪಾಠ, ಮನೆಯ ಜವಾಬ್ದಾರಿ ಕಳೆದರೆ ಊರಲ್ಲಿ ಇರಲು ಉಳಿಯುವುದೆಷ್ಟು? ಹೀಗಾಗಿ ಅನೇಕರ ಕ್ಷೇತ್ರಕಾರ್ಯ ಬೇಸಿಗೆ ರಜೆಯಲ್ಲಿ, ಶನಿವಾರ-ಭಾನುವಾರ ಬಸ್ ಹಿಡಿದು ಹೋಗಿಬರುವುದರಲ್ಲಿ ಮುಗಿಯುತ್ತದೆ. ಅದನ್ನು ನಾನು ಆಡಿಕೊಳ್ಳುವುದಿಲ್ಲ. ಹಾಗೆ ಮಾಡಿದ್ದನ್ನು ಹಾಗೆಯೇ ಬರೆಯದೆ, 'ಸಂಶೋಧನಾ ವಿಧಾನ' ಎಂಬ ಅಧ್ಯಾಯದಲ್ಲಿ ಎಲ್ಲರೂ ಬರೆಯುವ ಅದೇ ನಾಲ್ಕು ಪುಟಗಳನ್ನು ಬರೆಯುತ್ತಾರಲ್ಲ, ನನ್ನ ತಕರಾರು ಅಲ್ಲಿದೆ. ಕೃತಿಚೌರ್ಯ ಹಿಡಿಯುವ ತಂತ್ರಾಂಶ ಹೋಲಿಕೆ ಶೇ. 10ರೊಳಗೆ ಇದ್ದರೆ ಸುಮ್ಮನಾಗುತ್ತದೆ. ಮೂರು ಭೇಟಿಯನ್ನು ಒಂದು ವರ್ಷದ ವಾಸವೆಂದು ಬರೆದದ್ದು ಅದಕ್ಕೆ ಕಾಣುವುದಿಲ್ಲ.

ಸ್ವವಿಮರ್ಶೆಯ ಹೆಸರಿನಲ್ಲಿ ನಡೆಯುವ ಇನ್ನೊಂದು ಅತಿರೇಕವನ್ನೂ ಹೇಳಿಬಿಡುತ್ತೇನೆ. ನಾನು ಇಂಥ ಜಾತಿ, ಇಂಥ ವರ್ಗ, ನಗರದಲ್ಲಿ ಓದಿದವಳು, ನನಗೆ ಈ ಮಿತಿಗಳಿವೆ ಎಂದು ಒಂದು ಪುಟದ ತಪ್ಪೊಪ್ಪಿಗೆ ಬರೆದು, ಮುಂದಿನ ಇನ್ನೂರು ಪುಟಗಳಲ್ಲಿ ಅದರ ಸುಳಿವೇ ಇಲ್ಲದಂತೆ ತೀರ್ಪು ಕೊಡುವುದು. ಗುಡಿಯ ಬಾಗಿಲಲ್ಲಿ ಗಂಟೆ ಬಾರಿಸಿ ಒಳಗೆ ಹೋದಂತೆ. ಇನ್ನು ಕೆಲವರು ತಮ್ಮ ಅಳು, ತಮ್ಮ ಜ್ವರ, ತಮ್ಮ ಒಂಟಿತನವನ್ನೇ ಬರೆಯುತ್ತ ಹೋಗಿ, ಊರಿನವರು ಹಿಂದಿನ ಪರದೆಯಾಗಿಬಿಡುತ್ತಾರೆ. ನಾನು ಇಟ್ಟುಕೊಂಡ ಪರೀಕ್ಷೆ ಸರಳ: ನನ್ನ ಬಗ್ಗೆ ಬರೆದ ಈ ವಾಕ್ಯವನ್ನು ತೆಗೆದರೆ ಊರಿನ ಬಗ್ಗೆ ಬರೆದ ಯಾವುದಾದರೂ ವಾಕ್ಯದ ಅರ್ಥ ಬದಲಾಗುತ್ತದೆಯೇ? ಲೋಟದ ಪ್ರಸಂಗ ಉಳಿಯಿತು. ನನಗೆ ಟೈಫಾಯ್ಡ್ ಬಂದದ್ದು ಹೋಯಿತು, ಬರೆದಾಗ ಬಹಳ ಚೆನ್ನಾಗಿ ಬಂದಿತ್ತಾದರೂ.

ಪದವಿ ಬಂದ ಮೇಲೆ ಪ್ರಬಂಧದ ಒಂದು ಪ್ರತಿ ತೆಗೆದುಕೊಂಡು ಊರಿಗೆ ಹೋದೆ. ಅಷ್ಟರಲ್ಲಿ ನಾನು ಮೇಡಂ ಆಗಿ ಉಳಿದಿರಲಿಲ್ಲ. ಮುತ್ಯಾ "ಬಾ ಯವ್ವಾ" ಎಂದು ಜಮಖಾನೆ ಹಾಸಿದರು. ಕಪ್ಪು ರಟ್ಟಿನ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಸವರಿದರು. ಇಂಗ್ಲಿಷ್ ಅವರಿಗೆ ಬರುವುದಿಲ್ಲ. ತಮ್ಮ ಮಾತು ಇರುವ ಪುಟ ತೋರಿಸು ಎಂದರು, ತೋರಿಸಿ ಕನ್ನಡದಲ್ಲಿ ಹೇಳಿದೆ.

"ಇದರಲ್ಲಿ ನನ್ನ ಹೆಸರು ಎಲ್ಲಿದೆ?"

ಹೆಸರು ಬದಲಿಸಿದ್ದೇನೆ, ನಿಮಗೆ ತೊಂದರೆಯಾಗಬಾರದೆಂದು, ಎಂದು ವಿವರಿಸಿದೆ. ಯಾದಿಯಲ್ಲಿ ಹೆಸರು ಬಂದಿದೆಯೇ ಎಂದು ನೋಡಲು ವರ್ಷಗಟ್ಟಲೆ ಕಚೇರಿಗಳ ಮೆಟ್ಟಿಲು ಹತ್ತಿದವರಿಗೆ ನಾನು ಹೇಳಿದ್ದು ಇದು. ಅವರು ಪುಟವನ್ನೇ ನೋಡುತ್ತ ಸ್ವಲ್ಪ ಹೊತ್ತು ಕುಳಿತರು. ಆಮೇಲೆ ಆ ಪುಟದ ಝೆರಾಕ್ಸ್ ಬೇಕು ಎಂದರು. ಬಸ್ ನಿಲ್ದಾಣದ ಹತ್ತಿರದ ಅಂಗಡಿಗೆ ಹೋಗಿ ತಂದುಕೊಟ್ಟೆ. ನಾನು ಇಟ್ಟ ಹೆಸರಿನ ಮೇಲೆ ಬೆರಳಿಟ್ಟು, ಇಲ್ಲಿ ನನ್ನ ನಿಜವಾದ ಹೆಸರು ಬರೆ ಎಂದರು.

ಪೆನ್ನು ತೆಗೆದು ಬರೆದೆ.

"ಸಹಿ ಮಾಡು. ದಿನಾಂಕವನ್ನೂ ಹಾಕು."

ಹಾಕಿದೆ. ಮುತ್ಯಾ ಹಾಳೆಯನ್ನು ನಾಲ್ಕಾಗಿ ಮಡಚಿ, ಒಳಗಿನಿಂದ ಚೀಲ ತಂದು, ಉತಾರದ ಕೆಳಗೆ ಇಟ್ಟುಕೊಂಡರು.